ಬೋರ್ಡಿನ ದೀಪ, ಗುಂಡಿಗಳ ಪರಿಚಯವೂ ಪಾಠವಾಗಲಿ

ಮಾನ್ಯ ಸಂಪಾದಕರೇ,

ತುಮಕೂರು ಜಿಲ್ಲೆಯ ಕೆಲವು ಪ್ರೌಢಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಿದ್ದು, ಮಕ್ಕಳು ಆರ್ಡುಯಿನೊ, ಇಎಸ್‌ಪಿ32 ಎಂಬ, ಪ್ರೋಗ್ರಾಂ ತುಂಬಿ ಓಡಿಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್‌ಗಳನ್ನು ಬಳಸಿ ಮಾದರಿಗಳನ್ನು ತಯಾರಿಸುತ್ತಿರುವುದು ಸಂತೋಷದ ವಿಷಯ. ಆದರೆ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಮಕ್ಕಳೊಂದಿಗೆ ಮಾತನಾಡಿದಾಗ, ಪ್ರೋಗ್ರಾಂ ಬಾಯಿಪಾಠವಾಗಿರುವ ಅನೇಕರಿಗೆ ಬೋರ್ಡಿನ ದೀಪಗಳು ಏನು ಹೇಳುತ್ತಿವೆ ಎಂಬುದೇ ತಿಳಿದಿಲ್ಲವೆಂದು ಕಂಡುಬಂತು. ಹೀಗಾಗಿ ಸುಸ್ಥಿತಿಯಲ್ಲಿರುವ ಬೋರ್ಡ್‌ಗಳೂ ‘ಸುಟ್ಟುಹೋಗಿವೆ’ ಎನಿಸಿಕೊಂಡು ಬೀರು ಸೇರುತ್ತವೆ.

ಆರ್ಡುಯಿನೊ ಬೋರ್ಡ್‌ಗಳಲ್ಲೊಂದಾದ ಊನೊದಲ್ಲಿ ‘ಆನ್’ ದೀಪ ಉರಿದರೆ ವಿದ್ಯುತ್ ಬರುತ್ತಿದೆ ಎಂದಷ್ಟೇ ಅರ್ಥ. ಕಂಪ್ಯೂಟರಿನಿಂದ ಮಾಹಿತಿ ಹೋಗಿಬರುವಾಗ ಮಿನುಗುವವು ಟಿಎಕ್ಸ್, ಆರ್‌ಎಕ್ಸ್ ದೀಪಗಳು. ವೈರುಗಳನ್ನು ಜೋಡಿಸುತ್ತಿದ್ದಂತೆಯೇ ‘ಆನ್’ ದೀಪ ಆರಿದರೆ ಎಲ್ಲೋ ಶಾರ್ಟ್ ಆಗಿರುವ ಸಂಭವ ಹೆಚ್ಚು, ಕೂಡಲೇ ಕೇಬಲ್ ಕೀಳಬೇಕು. ‘ಎಲ್’ ದೀಪ 13ನೇ ಪಿನ್ನಿಗೆ (ವೈರು ಜೋಡಿಸುವ ಜಾಗಕ್ಕೆ) ಸೇರಿದ್ದು. ರೀಸೆಟ್ ಗುಂಡಿ ಒತ್ತಿ ಬಿಟ್ಟಾಗ ಅದು ಚಕಚಕನೆ ಮಿನುಗಿದರೆ ಚಿಪ್‌ನೊಳಗಿನ ಬೂಟ್‌ಲೋಡರ್ (ಹೊಸ ಪ್ರೋಗ್ರಾಂ ಬರಮಾಡಿಕೊಳ್ಳುವ ಪುಟ್ಟ ತಂತ್ರಾಂಶ) ಕೆಲಸ ಮಾಡುತ್ತಿದೆ ಎಂದು ತಿಳಿಯಬಹುದು. ಬೋರ್ಡನ್ನು ಬೀರುವಿಗೆ ಸೇರಿಸುವ ಮೊದಲು ಮಾಡಬೇಕಾದ ಪರೀಕ್ಷೆ ಇದೇ. ರೀಸೆಟ್ ಒತ್ತಿದರೆ ಪ್ರೋಗ್ರಾಂ ಅಳಿಸಿಹೋಗುತ್ತದೆ ಎಂಬ ಭಯ ಮಕ್ಕಳಲ್ಲಿದೆ (ಕೆಲವು ಶಿಕ್ಷಕರಲ್ಲೂ ಇದೆಯೆಂಬುದನ್ನು ಮರೆಮಾಚಬೇಕಿಲ್ಲ). ಪ್ರೋಗ್ರಾಂ, ವಿದ್ಯುತ್ ಹೋದರೂ ಅಳಿಯದ ಫ್ಲಾಶ್ ಸ್ಮೃತಿಯಲ್ಲಿ ಉಳಿದೇ ಇರುತ್ತದೆ, ಮೊದಲಿನಿಂದ ಮತ್ತೆ ಓಡುತ್ತದೆ, ಅಷ್ಟೆ.

ಇಎಸ್‌ಪಿ32 ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಎರಡು ಗುಂಡಿಗಳಿರುತ್ತವೆ. ‘ಇಎನ್’ ಎಂಬುದು ರೀಸೆಟ್. ‘ಬೂಟ್’ ಒತ್ತಿ ಹಿಡಿದು ರೀಸೆಟ್ ಮಾಡಿದರೆ ಚಿಪ್ ಹೊಸ ಪ್ರೋಗ್ರಾಂ ಸ್ವೀಕರಿಸಲು ಸಿದ್ಧವಾಗುತ್ತದೆ. ಇದನ್ನು ಅರಿಯದೆ ಅಪ್‌ಲೋಡ್ ನಿಂತಲ್ಲೇ ನಿಂತಿತೆಂದು ಕೈಚೆಲ್ಲುವುದುಂಟು. ಇನ್ನು ದೀಪ ಉರಿಯುತ್ತಿದ್ದರೂ ಕಂಪ್ಯೂಟರ್ ಬೋರ್ಡನ್ನು ಗುರುತಿಸದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಮೈಕ್ರೊ ಯುಎಸ್‌ಬಿ ಕೇಬಲನ್ನು, ಏಕೆಂದರೆ ಮೊಬೈಲ್ ಚಾರ್ಜಿಂಗ್‌ಗೆಂದೇ ಮಾರುವ ಅಗ್ಗದ ಕೆಲವು ಕೇಬಲ್‌ಗಳಲ್ಲಿ ಮಾಹಿತಿ ಸಾಗಿಸುವ ತಂತಿಗಳೇ ಇರುವುದಿಲ್ಲ.

ನಿಜವಾಗಿ ಬೋರ್ಡ್ ಕೆಡಿಸುವ ತಪ್ಪುಗಳು ಬೇರೆಯೇ ಇವೆ. ಊನೊದ ಪಿನ್ನಿನಿಂದ 20 ಮಿಲಿ ಆಂಪಿಯರ್‌ಗಿಂತ ಹೆಚ್ಚು ಪಡೆಯಬಾರದು. ಮೋಟಾರನ್ನು ನೇರವಾಗಿ ಪಿನ್ನಿಗೆ ಜೋಡಿಸುವುದು ಅದಕ್ಕೇ ತಪ್ಪು. ಊನೊದ ದುಂಡನೆಯ ಪವರ್ ಜ್ಯಾಕಿಗೆ 7ರಿಂದ 12 ವೋಲ್ಟ್ ಸೂಕ್ತ. ಇಎಸ್‌ಪಿ32ರ ಪಿನ್ನುಗಳು 3.3 ವೋಲ್ಟಿನವಾದ್ದರಿಂದ, 5 ವೋಲ್ಟಿನ ಸಂಕೇತವನ್ನು ಅವುಗಳಿಗೆ ನೇರವಾಗಿ ಕೊಡಬಾರದು.

ಈ ವಿವರಗಳನ್ನು ಚಿತ್ರಸಹಿತ ಕನ್ನಡ ಭಿತ್ತಿಪತ್ರವಾಗಿ ಮುದ್ರಿಸಿ ಲ್ಯಾಬ್‌ಗಳ ಗೋಡೆಗೆ ಹಾಕಿಸುವುದು ಶಿಕ್ಷಣ ಇಲಾಖೆಗೆ ದೊಡ್ಡ ಖರ್ಚಿನ ಕೆಲಸವಲ್ಲ. ಬರುವ ಶೈಕ್ಷಣಿಕ ವರ್ಷದ ಶಿಕ್ಷಕರ ತರಬೇತಿಯಲ್ಲಿ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಇದಕ್ಕೆ ಒಂದು ಅವಧಿಯನ್ನು ಮೀಸಲಿಡಬೇಕೆಂದೂ, ಬೀರುವಿನಲ್ಲಿರುವ ಬೋರ್ಡ್‌ಗಳನ್ನೇ ಅಲ್ಲಿಗೆ ತರಿಸಿ ಪರೀಕ್ಷಿಸಬೇಕೆಂದೂ ಕೋರುತ್ತೇನೆ.

– ನಿವೃತ್ತ ವಿಜ್ಞಾನ ಶಿಕ್ಷಕ, ತುಮಕೂರು