ಲಿವಿಂಗ್‌ಸ್ಟನ್‌ನ ಗೆಳೆಯನ ಜೊತೆ ನಿಂತವರಿಗೆ

ಸುದ್ದಿ ಹಲವರಿಗೆ ಆಗಲೇ ಮುಟ್ಟಿದೆ. ಇಲ್ಲಿ ಟೆಕ್ಸಾಸ್‌ನಲ್ಲಿ ಕೊಲೆ ಕೇಸಿನಲ್ಲಿ ಜೈಲಿನಲ್ಲಿರುವ ನಮ್ಮ ಪತ್ರದ ಗೆಳೆಯನಿಗೆ ನಿಗದಿಯಾಗಿದ್ದ ಮರಣದಂಡನೆಗೆ ರಾಜ್ಯದ ಕ್ರಿಮಿನಲ್ ಮೇಲ್ಮನವಿ ಕೋರ್ಟು ತಡೆ ಕೊಟ್ಟಿದೆ. ಇದು ಬಿಡುಗಡೆ ಅಲ್ಲ, ಖುಲಾಸೆಯೂ ಅಲ್ಲ. ಕೇಸು ವಾಪಸ್ ಕೆಳಗಿನ ಕೋರ್ಟಿಗೆ ಹೋಗುತ್ತದೆ. ಅವನ ಹಿಂದಿನ ವಿಚಾರಣೆಯಲ್ಲಿ ತಜ್ಞರು ಹೇಳಿದ್ದ ಸಾಕ್ಷ್ಯ ಈಗಿನ ವಿಜ್ಞಾನದ ಮುಂದೆ ನಿಲ್ಲುತ್ತದಾ ಅಂತ ನೋಡುತ್ತಾರೆ. ಹೀಗೆ ನೋಡಲು ದಾರಿ ಮಾಡಿಕೊಟ್ಟ ಕಾನೂನು ಟೆಕ್ಸಾಸ್‌ನಲ್ಲಿ ಬಂದದ್ದೇ 2013ರಲ್ಲಿ. ಅವನಿಗೆ ಶಿಕ್ಷೆಯಾದಾಗ ಅದು ಇರಲಿಲ್ಲ.

ಅವನ ಹೆಸರು ಬರೆಯುತ್ತಿಲ್ಲ, ವಕೀಲರು ಬೇಡ ಅಂದಿದ್ದಾರೆ. ನಿಮ್ಮ ಹೆಸರುಗಳನ್ನೂ ಬರೆಯುತ್ತಿಲ್ಲ. ಓದುವಾಗ ಯಾರ ಮಾತು ಅಂತ ನಿಮಗೇ ಗೊತ್ತಾಗುತ್ತದೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಟೆಕ್ಸಾಸ್‌ನಲ್ಲಿ ಮರಣದಂಡನೆಯ ಶಿಕ್ಷೆಯಾದ ಗಂಡಸರಲ್ಲಿ ಬಹುತೇಕ ಎಲ್ಲರನ್ನೂ 1999ರಿಂದ ಲಿವಿಂಗ್‌ಸ್ಟನ್ ಹತ್ತಿರದ ಪೊಲುನ್ಸ್ಕಿ ಜೈಲಿನಲ್ಲಿ ಇಡುತ್ತಾರೆ. ಹ್ಯೂಸ್ಟನ್‌ನಿಂದ ಉತ್ತರಕ್ಕೆ ಒಂದೂವರೆ ಗಂಟೆ ದಾರಿ. ಸುಮಾರು 60 ಚದರ ಅಡಿಯ ಸೆಲ್, ಒಬ್ಬರಿಗೆ ಒಂದು. ದಿನದ ಬಹುಪಾಲು ಅದರೊಳಗೇ. ಭೇಟಿಗೆ ಹೋದರೂ ನಡುವೆ ಗಾಜು, ಮಾತು ಫೋನಿನಲ್ಲಿ. ಕೈ ಕುಲುಕುವ ಹಾಗಿಲ್ಲ. ಅವನು ಗೆಳೆತನ ಬೇಕು ಅಂತ ಹೊರಗಿನವರ ಮೂಲಕ ಒಂದು ಸಣ್ಣ ಪ್ರಕಟಣೆ ಹಾಕಿಸಿದ್ದ. ಚೆಸ್ ಆಡುತ್ತೇನೆ, ಅಡುಗೆಯ ವಿಷಯ ಓದಲು ಇಷ್ಟ, ನಾನು ಆ ಕೊಲೆ ಮಾಡಿಲ್ಲ, ನೀವು ನಂಬಲೇಬೇಕು ಅಂತಿಲ್ಲ, ಪತ್ರ ಬರೆದರೆ ಸಾಕು. ಇಷ್ಟೇ ಇತ್ತು. ಆ 'ನಂಬಲೇಬೇಕು ಅಂತಿಲ್ಲ' ಅನ್ನುವ ಮಾತಿಗೆ ನಾನು ಸೋತೆ.

ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ. ನಿಜವಾಗಲೂ ಅವನು ಮಾಡಿಲ್ವಾ? ಅವನ ಕೇಸಿನ ಕಾಗದ ಓದಿದ್ದೇನೆ, ನನಗೆ ಅನುಮಾನ ಜಾಸ್ತಿಯೇ ಇದೆ. ಆದರೆ ಆ ರಾತ್ರಿ ಅಲ್ಲಿದ್ದವಳು ನಾನಲ್ಲ. ಅದನ್ನು ಸಾಬೀತು ಮಾಡುವುದು ವಕೀಲರ ಕೆಲಸ. ಬಂದ ಪತ್ರಕ್ಕೆ ಉತ್ತರ ಬರೆಯುವುದು ನನ್ನ ಕೆಲಸ. ಇವೆರಡನ್ನೂ ಕಲಸದೆ ನನ್ನ ಜೊತೆ ನಿಂತವರಿಗೆ ಈ ಬರಹ. ಅವನು ನಿರಪರಾಧಿ ಅಂತ ಮೊದಲು ಸಾಬೀತಾಗಲಿ, ಆಮೇಲೆ ನೋಡೋಣ ಅಂತ ನೀವು ಯಾರೂ ಹೇಳಲಿಲ್ಲ.

ಹಾಗೆ ಹೇಳಿದ್ದರೆ ಏನಾಗುತ್ತಿತ್ತು ಅನ್ನುವುದಕ್ಕೆ ಇದೇ ರಾಜ್ಯದ ಆಂಟನಿ ಗ್ರೇವ್ಸ್ ಇದ್ದಾರೆ. 1994ರಲ್ಲಿ ಅವರಿಗೆ ಮರಣದಂಡನೆಯ ಶಿಕ್ಷೆಯಾಯಿತು. ನಿರಪರಾಧಿ ಅಂತ ಹೊರಗೆ ಬಂದದ್ದು 2010ರಲ್ಲಿ. ಅವರ ಕೇಸನ್ನು ಮತ್ತೆ ಕೆದಕಿದವರಲ್ಲಿ ಹ್ಯೂಸ್ಟನ್‌ನ ಸೇಂಟ್ ಥಾಮಸ್ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿದ್ಯಾರ್ಥಿಗಳೂ, ಅವರ ಮೇಡಂ ನಿಕೋಲ್ ಕಸಾರೆಜ್ ಅವರೂ ಇದ್ದರು. ಕೋರ್ಟು ಒಪ್ಪುವ ಎಷ್ಟೋ ವರ್ಷ ಮೊದಲೇ ದೂರದ ಊರುಗಳಿಂದ ಗ್ರೇವ್ಸ್ ಅವರಿಗೆ ಪತ್ರ ಬರುತ್ತಿತ್ತು. 1973ರಿಂದ ಈಚೆಗೆ ಅಮೆರಿಕದಲ್ಲಿ ಹೀಗೆ ಮರಣದಂಡನೆಯಾಗಿ, ಆಮೇಲೆ ಆರೋಪದಿಂದ ಪೂರ್ತಿ ಮುಕ್ತರಾದವರು 200 ಜನ ದಾಟಿದ್ದಾರೆ. ಟೆಕ್ಸಾಸ್ ಒಂದೇ 1982ರಿಂದ 590ಕ್ಕೂ ಹೆಚ್ಚು ಜನರ ಪ್ರಾಣ ತೆಗೆದಿದೆ. ಅವರಲ್ಲಿ ಎಷ್ಟು ಜನ 'ನಾನಲ್ಲ' ಅಂತ ಹೇಳುತ್ತಲೇ ಹೋದರೋ.

ಥ್ಯಾಂಕ್ಸ್ ಹೇಳುವುದನ್ನು ನಮ್ಮ ಮನೆಯವರಿಂದ ಶುರು ಮಾಡುತ್ತೇನೆ. 'ಬೇರೆ ಕೆಲಸ ಇಲ್ವಾ ನಿನಗೆ' ಅಂತ ಮೊದಲು ರೇಗಿದವರು ಅವರೇ. ಹೆದರಿದ್ದರು, ಮನೆಯಲ್ಲಿ ಮಕ್ಕಳಿದ್ದಾರೆ, ತಪ್ಪೇನಿಲ್ಲ. ಮನೆ ವಿಳಾಸ ಕೊಡಬೇಡ ಅಂತ ಪೋಸ್ಟ್ ಬಾಕ್ಸ್ ಮಾಡಿಸಿಕೊಟ್ಟರು. ಈಗ 'ಪತ್ರ ಬಂತಾ' ಅಂತ ನನಗಿಂತ ಮೊದಲು ಅವರೇ ಕೇಳುತ್ತಾರೆ.

ಅರಸೀಕೆರೆಯಲ್ಲಿರುವ ಅಮ್ಮ. ಎಲ್ಲ ಕೇಳಿಸಿಕೊಂಡು, 'ಆ ಹುಡುಗನಿಗೆ ಊಟಕ್ಕೆ ಏನು ಕೊಡ್ತಾರಂತೆ?' ಅಂದರು. ಹುಡುಗನಿಗೆ ಐವತ್ತು ದಾಟಿದೆ. ಕಳೆದ ಯುಗಾದಿಗೆ ಅವನಿಗಂತಲೇ ಕನ್ನಡದಲ್ಲಿ ಒಂದು ಕಾಗದ ಬರೆದು, ಶುಭದ್ದಲ್ವಾ ಅಂತ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ ಕಳಿಸಿದ್ದರು. ಕಲೆಯಿರುವ ಕಾಗದ ಒಳಗೆ ಹೋಗುವುದಿಲ್ಲ. ಈಗಂತೂ ಕಾಗದವೇ ಹೋಗುವುದಿಲ್ಲ. 2023ರಿಂದ ಪತ್ರಗಳನ್ನು ಡಲ್ಲಾಸ್‌ಗೆ ಕಳಿಸಬೇಕು, ಅಲ್ಲಿ ಸ್ಕ್ಯಾನ್ ಮಾಡಿ ಕೈದಿಯ ಟ್ಯಾಬ್ಲೆಟ್‌ಗೆ ಹಾಕುತ್ತಾರೆ. ಅಮ್ಮ ಬರೆದದ್ದನ್ನು ಬಿಳಿ ಹಾಳೆಗೆ ಇಳಿಸಿ, ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಬರೆದು, ಅರಿಶಿನದ ವಿಷಯವನ್ನೂ ಸೇರಿಸಿದೆ. ಬೇವು ಬೆಲ್ಲ ಎರಡನ್ನೂ ಒಟ್ಟಿಗೆ ಯಾಕೆ ತಿನ್ನುತ್ತೀರಿ ಅಂತ ಅವನು ಎರಡು ಪುಟ ಪ್ರಶ್ನೆ ಕಳಿಸಿದ. ನನಗಿಂತ ಅಮ್ಮನೇ ಚೆನ್ನಾಗಿ ಉತ್ತರಿಸಿದರು.

ದಿನಾಂಕ ನಿಗದಿಯಾದ ಮೇಲೆ ಕನಿಷ್ಠ 91 ದಿನ ಬಿಡಬೇಕು ಅಂತ ಇಲ್ಲಿನ ನಿಯಮ. ಆ ದಿನಗಳಲ್ಲಿ ನೀವು ಮಾಡಿದ್ದನ್ನು ಹೇಗೆ ಹೇಳಲಿ. ಟೆಕ್ಸಾಸ್ ರಾಜ್ಯಪಾಲರು ತಾವಾಗಿಯೇ ಶಿಕ್ಷೆ ಇಳಿಸುವ ಹಾಗಿಲ್ಲ. ಕ್ಷಮಾದಾನ ಮಂಡಳಿ ಶಿಫಾರಸು ಮಾಡಬೇಕು. ರಾಜ್ಯಪಾಲರ ಕೈಯಲ್ಲಿರುವುದು ಒಂದೇ ಸಲ, 30 ದಿನದ ಮುಂದೂಡಿಕೆ. ಹಾಗಾಗಿ ಪತ್ರಗಳೆಲ್ಲ ಮಂಡಳಿಗೇ ಹೋಗಬೇಕಿತ್ತು. ಪಾಟ್‌ಲಕ್ ಊಟಕ್ಕೆ ಸೇರುವ ನಮ್ಮ ಕನ್ನಡದ ಗುಂಪಿನಲ್ಲಿ ಹೇಳಲೋ ಬೇಡವೋ ಅಂತ ತುಂಬ ಯೋಚಿಸಿದ್ದೆ. ಕೆಲವರು ಮಾತು ಬದಲಿಸಿದರು, ಬೇಜಾರಿಲ್ಲ. ಉಳಿದವರು ಚಿತ್ರಾನ್ನದ ತಟ್ಟೆ ಪಕ್ಕಕ್ಕಿಟ್ಟು ಪೆನ್ನು ಕೇಳಿದರು. ನಿವೃತ್ತ ಮೇಷ್ಟ್ರೊಬ್ಬರು ಎಲ್ಲರ ಪತ್ರ ತಿದ್ದಿಕೊಟ್ಟರು, ಸುಮ್ನೆ ಕಣ್ಣೀರು ಸುರಿಸಬೇಡಿ, ಸಾಕ್ಷ್ಯದ ಬಗ್ಗೆ ಬರೀರಿ ಅಂತ ಬೈದರು ಕೂಡ.

ಲಿವಿಂಗ್‌ಸ್ಟನ್‌ಗೆ ನನ್ನನ್ನು ಮೊದಲ ಸಲ ಕರೆದೊಯ್ದ ಚರ್ಚಿನ ಅಜ್ಜಿ ಕನ್ನಡ ಓದಲಾರರು, ಅವರ ಮಗಳಿಗೆ ಇದನ್ನು ಫೋನಿನಲ್ಲಿ ಹೇಳುತ್ತೇನೆ. ಯಾವ ಬಣ್ಣದ ಬಟ್ಟೆ ಹಾಕಬಾರದು, ಅಲ್ಲಿನ ಮಷಿನ್‌ನಲ್ಲಿ ಅವನಿಗೆ ತಿಂಡಿ ಕೊಳ್ಳುವುದು ಹೇಗೆ ಅಂತ ಎಲ್ಲ ಕಲಿಸಿದವರು ಅವರು. ಎಲ್ಲಕ್ಕಿಂತ ಮುಖ್ಯವಾಗಿ, ಅಳಬೇಡ, ಅವನ ಸಮಯ ಹಾಳಾಗುತ್ತೆ ಅಂದಿದ್ದರು.

ವಕೀಲರಿಗೆ ನಾನು ಹೇಳುವ ಥ್ಯಾಂಕ್ಸ್ ಸಾಲದು.

ಇನ್ನೊಂದು ಮಾತು ಹೇಳದೆ ಇರಲಾರೆ. ಆ ಕೊಲೆಯಲ್ಲಿ ಸತ್ತವರಿಗೂ ಒಂದು ಮನೆಯಿದೆ. ಈ ತಡೆ ಅವರಿಗೆ ಗಾಯ ಮತ್ತೆ ಕೆರೆದ ಹಾಗೆ. ಸಂಭ್ರಮದ ಫೋಟೋ ಹಾಕಬೇಡಿ ಅಂತ ಕೇಳಿಕೊಂಡದ್ದು ಅದಕ್ಕೇ. ನೀವೆಲ್ಲ ಒಪ್ಪಿದ್ದಕ್ಕೂ ನಾನು ಋಣಿ.

ಇನ್ನು ವಿಚಾರಣೆ ಎಷ್ಟು ದಿನ ಹಿಡಿಯುತ್ತದೋ, ವರ್ಷಗಳೇ ಆಗಬಹುದು. ಪತ್ರಗಳು ನಿಲ್ಲುವುದು ಬೇಡ. ಹವಾಮಾನ, ಮಕ್ಕಳ ಪರೀಕ್ಷೆ, ಕ್ರಿಕೆಟ್, ಏನಾದರೂ ಬರೆಯಿರಿ. ಕೇಸಿನ ವಿಷಯ ಮಾತ್ರ ಬೇಡ, ಪತ್ರಗಳನ್ನು ಜೈಲಿನವರೂ ಓದುತ್ತಾರೆ. ನಿಮ್ಮಲ್ಲಿ ಚೆಸ್ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ. ಪಕ್ಕದ ಸೆಲ್‌ನವರ ಜೊತೆ ಅವನು ಮಣೆಗೆ ನಂಬರ್ ಹಾಕಿಕೊಂಡು ಕೂಗಿ ಕೂಗಿ ಆಡುತ್ತಾನಂತೆ. ನನ್ನ ಜೊತೆ ಪತ್ರದಲ್ಲಿ ಆಡಿ ಅವನಿಗೆ ಸಾಕಾಗಿದೆ.