ಅಜ್ಜಿಯ ಫೋಟೋಗೆ ಕಟ್ಟು ಹಾಕಿಸುವ ಮುಂಚೆ

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ದೀಪಾವಳಿಗೆ ತೀರ್ಥಹಳ್ಳಿಗೆ ಬರುವಾಗ ಹೊಸ ಕ್ಯಾಮೆರಾ ತರುತ್ತೀಯಂತೆ, ಅಜ್ಜಿಯನ್ನು ನಡುವೆ ಕೂರಿಸಿ ಮನೆಯವರದ್ದೆಲ್ಲ ಒಂದು ಫೋಟೋ ತೆಗೆದು ಕಟ್ಟು ಹಾಕಿಸಿ ಕೊಡುತ್ತೀಯಂತೆ. ನಿನ್ನಪ್ಪ ಹೇಳಿದ. ತುಂಬಾ ಖುಷಿಯಾಯ್ತು. 8×10 ಇಂಚಿನ ಫ್ರೇಮನ್ನು ಆಗಲೇ ಕೊಂಡಿದ್ದೀಯಂತಲ್ಲ, ಅದಕ್ಕೇ ಈ ಪತ್ರ.

ನಿನ್ನ ಕ್ಯಾಮೆರಾದ ಚಿತ್ರ 3ಕ್ಕೆ 2ರ ಲೆಕ್ಕದಲ್ಲಿ ಬರುತ್ತದೆ. ಹಿಂದೆ 35 ಎಂಎಂ ಫಿಲ್ಮಿನಲ್ಲಿ ಒಂದು ಚಿತ್ರ 36 ಮಿ.ಮೀ. ಉದ್ದ, 24 ಮಿ.ಮೀ. ಎತ್ತರ ಇರುತ್ತಿತ್ತು, ಅದೇ ಲೆಕ್ಕ ಇವತ್ತಿಗೂ ನಡೆದು ಬಂದಿದೆ. 4×6, 8×12, 12×18 ಕಾಗದಕ್ಕೆ ಅದು ಸರಿಯಾಗಿ ಕೂರುತ್ತದೆ. 8×10ಕ್ಕೆ ಕೂರುವುದಿಲ್ಲ. ಎತ್ತರ 8 ಇಂಚು ಇಟ್ಟರೆ ಉದ್ದ 12 ಬರುತ್ತದೆ, ಕಾಗದ ಇರುವುದು 10. ಆ ಕಡೆ ಒಂದಿಂಚು, ಈ ಕಡೆ ಒಂದಿಂಚು ಲ್ಯಾಬಿನವರು ಕತ್ತರಿಸಲೇಬೇಕು. ಬಿಳಿ ಪಟ್ಟಿ ಬಿಟ್ಟು ಪೂರ್ತಿ ಚಿತ್ರ ಹಾಕಿಸಬಹುದು, ಆದರೆ ಗೋಡೆ ಮೇಲೆ ಅದು ಚೆನ್ನಾಗಿ ಕಾಣಲ್ಲ.

ಆ ಒಂದಿಂಚಿನಲ್ಲಿ ನಿಂತಿರುವವರು ಯಾರು ಅಂತ ಯೋಚಿಸು. ನಮ್ಮ ಮನೆಗಳಲ್ಲಿ ತುದಿಗೆ ಹೋಗಿ ನಿಲ್ಲುವವರು ಹಿಂಜರಿಯುವವರೇ ಅಲ್ವಾ? ಹೊಸದಾಗಿ ಬಂದ ಸೊಸೆ, ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಕೊನೆಗೆ ಬರುವ ನಿನ್ನ ಚಿಕ್ಕತ್ತೆ, ಎರಡು ಸಲ ಕರೆದರೆ ಮಾತ್ರ ತೋಟದಿಂದ ಬರುವವರು. ಅರ್ಧ ಭುಜ ಹೋದರೂ ಇವರು ಯಾರ ಹತ್ತಿರವೂ ಹೇಳುವುದಿಲ್ಲ. ನನಗೆ ಮಾತ್ರ ಅಂಥ ಫೋಟೋ ನೋಡಿದರೆ ಸಂಕಟವಾಗುತ್ತದೆ.

ಕ್ಯಾಮೆರಾದಲ್ಲಿ ಗ್ರಿಡ್ ಗೆರೆ ಹಾಕಿಕೋ. ಚಿತ್ರ ಅಡ್ಡಕ್ಕೆ ಮೂರು ಪಾಲಾಗಿ ಕಾಣುತ್ತದೆ. ಎಡಗಡೆ ಪಾಲಿನಲ್ಲಿ ಹೊರಗಿನ ಕಾಲು ಭಾಗ, ಬಲಗಡೆಯೂ ಅಷ್ಟೇ, ಇಷ್ಟು ಹೋಗೇ ಹೋಗುತ್ತದೆ ಅಂತ ಲೆಕ್ಕ ಹಿಡಿ. ಅಲ್ಲಿ ಜಗಲಿ ಕಂಬ ಇರಲಿ, ಅಡಿಕೆ ಮರ ಇರಲಿ, ಮನುಷ್ಯರು ಬೇಡ. ಫ್ರೇಮಿನ ಅಂಚೂ ಸುತ್ತ ಒಂದಿಷ್ಟು ಮುಚ್ಚುತ್ತದೆ, ಹಾಗಾಗಿ ತಲೆ ಮೇಲೂ ಕಾಲ ಕೆಳಗೂ ಜಾಗ ಬಿಡು. ಜಾಗ ಬಿಟ್ಟರೆ ಪ್ರಿಂಟ್ ಮಸುಕಾದೀತು ಅನ್ನುವ ಭಯ ಬೇಡ. 24 ಮೆಗಾಪಿಕ್ಸೆಲ್ ಚಿತ್ರ 6000×4000 ಪಿಕ್ಸೆಲ್ (ಚುಕ್ಕೆ) ಇರುತ್ತದೆ, 8×10ಕ್ಕೆ ಕತ್ತರಿಸಿದ ಮೇಲೂ 5000×4000 ಉಳಿಯುತ್ತದೆ, ಇಂಚಿಗೆ 300 ಪಿಕ್ಸೆಲ್‌ನಂತೆ ನಿನಗೆ ಬೇಕಿರುವುದು 3000×2400 ಅಷ್ಟೇ.

ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬೇಡ. ಮಕ್ಕಳು ಅಂಗಳದಲ್ಲಿ ಚಾಪೆ ಮೇಲೆ, ಅಜ್ಜಿ ಮತ್ತೆ ಹಿರಿಯರು ಜಗಲಿಯ ಅಂಚಿನಲ್ಲಿ, ಉಳಿದವರು ಅವರ ಹಿಂದೆ. ಮೂರು ಸಾಲಾದರೆ ಗುಂಪು 8×10ರ ಆಕಾರಕ್ಕೆ ತಾನಾಗಿಯೇ ಹತ್ತಿರ ಬರುತ್ತದೆ. ಅಂಗಳದಲ್ಲಿ ಬಿಸಿಲು ಇಲ್ಲದ ಹೊತ್ತು ನೋಡು, ಇಲ್ಲದಿದ್ದರೆ ಮಕ್ಕಳು ಬೆಳ್ಳಗೆ, ಜಗಲಿಯವರು ಕಪ್ಪಗೆ ಬರುತ್ತಾರೆ. ಹತ್ತಿರ ನಿಂತು ವೈಡ್‌ನಲ್ಲಿ, ಅಂದರೆ ಝೂಮ್ ಮಾಡದೆ ಅಗಲಕ್ಕೆ ತೆಗೆದರೆ ತುದಿಯವರ ಮುಖ ಎಳೆದ ಹಾಗೆ ಕಾಣುತ್ತದೆ. ತುಳಸಿಕಟ್ಟೆಯ ಆಚೆಗೆ ಹೋಗಿ ಸ್ವಲ್ಪ ಝೂಮ್ ಮಾಡು.

ಫೋನಿನಲ್ಲೂ ಒಂದು ತೆಗೆಯುವುದಾದರೆ 4ಕ್ಕೆ 3ರಲ್ಲೇ ಇಡು. ಅದು 8×10ಕ್ಕೆ ಜಾಸ್ತಿ ಕತ್ತರಿಸಿಕೊಳ್ಳುವುದಿಲ್ಲ, 4×6ಕ್ಕೆ ಮಾತ್ರ ಮೇಲೆ ಕೆಳಗೆ ಕಾಲು ಕಾಲು ಇಂಚು ಹೋಗುತ್ತದೆ. ಲ್ಯಾಬಿಗೆ ವಾಟ್ಸ್‌ಆ್ಯಪ್‌ನಲ್ಲಿ ಸುಮ್ನೆ ಫೋಟೋ ಕಳಿಸಬೇಡ, ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ, ಪೆನ್‌ಡ್ರೈವ್‌ನಲ್ಲಿ ಕೊಡು.

ಬರುವಾಗ ಟ್ರೈಪಾಡನ್ನೂ ಹಾಕಿಕೊಂಡು ಬಾ. ನೀನೂ ಇರಬೇಕು ಆ ಫೋಟೋದಲ್ಲಿ. ಟೈಮರ್ ಒತ್ತಿ ಓಡಿ ಬಂದು ತುದಿಗೆ ನಿಲ್ಲಬೇಡ, ಅಜ್ಜಿಯ ಪಕ್ಕದಲ್ಲಿ ನಿನಗೊಂದು ಜಾಗ ಮೊದಲೇ ಖಾಲಿ ಇಡಿಸುತ್ತೇನೆ.

ನಿನ್ನ ದೊಡ್ಡಪ್ಪ