ಆಸ್ತಿ ತೆರಿಗೆಯ ಜತೆ ಕಟ್ಟುವ ಕರಗಳ ಲೆಕ್ಕ ಬಹಿರಂಗವಾಗಲಿ

ಮಾನ್ಯ ಸಂಪಾದಕರೇ,

ಏಪ್ರಿಲ್ ತಿಂಗಳೊಳಗೆ ಪೂರ್ತಿ ಪಾವತಿಸಿದರೆ ಶೇ 5ರಷ್ಟು ರಿಯಾಯಿತಿ ಸಿಗುವುದರಿಂದ ಬೆಂಗಳೂರಿನ ಅನೇಕ ಮನೆ ಮಾಲೀಕರು ಆ ತಿಂಗಳಲ್ಲೇ ಆಸ್ತಿ ತೆರಿಗೆ ಕಟ್ಟಿ, ರಸೀದಿಯನ್ನು ಕಡತಕ್ಕೆ ಸೇರಿಸಿ ಸುಮ್ಮನಾಗುತ್ತಾರೆ. ಆ ರಸೀದಿಯಲ್ಲಿ ತೆರಿಗೆಯ ಜತೆಗೆ ‘ಸೆಸ್’ ಎಂದು ನಮೂದಾಗಿರುವ ಮೊತ್ತದತ್ತ ಓದುಗರ ಗಮನ ಸೆಳೆಯಲು ಈ ಪತ್ರ.

ಆಸ್ತಿ ತೆರಿಗೆ ಪಾಲಿಕೆಯ ಸಾಮಾನ್ಯ ಆದಾಯ. ಅದನ್ನು ರಸ್ತೆ, ಚರಂಡಿ, ಬೀದಿದೀಪ, ನೌಕರರ ಸಂಬಳ, ಹೀಗೆ ಬಜೆಟ್‌ನಲ್ಲಿ ಒಪ್ಪಿಗೆ ಪಡೆದ ಯಾವ ಬಾಬ್ತಿಗಾದರೂ ವಿನಿಯೋಗಿಸಬಹುದು. ಸೆಸ್ ಹಾಗಲ್ಲ, ಅದನ್ನು ವಿಧಿಸುವ ಕಾಯ್ದೆಯೇ ಅದರ ಉದ್ದೇಶವನ್ನೂ ಕಟ್ಟಿಹಾಕಿರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ, 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಶೇ 3ರಷ್ಟು ಭಿಕ್ಷುಕರ ಕರ ವಸೂಲಾಗುತ್ತದೆ. ₹5,000 ತೆರಿಗೆ ಬರುವ ಮನೆಯವರು ಗ್ರಂಥಾಲಯಗಳಿಗೆಂದು ₹300, ನಿರ್ಗತಿಕರ ಪುನರ್ವಸತಿಗೆಂದು ₹150 ಪ್ರತ್ಯೇಕವಾಗಿ ಕಟ್ಟಿದಂತಾಯಿತು. ಈ ಎರಡರಲ್ಲೂ ಪಾಲಿಕೆಯ ಕೆಲಸ ವಸೂಲಿ ಮಾಡಿ ಸಂಬಂಧಪಟ್ಟವರಿಗೆ ಒಪ್ಪಿಸುವುದಷ್ಟೇ.

ಹೀಗೆ ಒಪ್ಪಿಸಬೇಕಾದ ಹಣ ಬಾಕಿ ಉಳಿದಿದೆ ಎಂಬ ಸುದ್ದಿ ವರ್ಷಗಳಿಂದ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಅದರ ಪರಿಣಾಮ ನೋಡಲು ದೂರ ಹೋಗಬೇಕಿಲ್ಲ. ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ ಬೆಳಗಿನ ಹೊತ್ತು ಒಂದೇ ಮೇಜಿನ ಸುತ್ತ ಕುಳಿತ ಹಿರಿಯರು ದಿನಪತ್ರಿಕೆಯ ಹಾಳೆಗಳನ್ನು ಬಿಡಿಸಿ ಹಂಚಿಕೊಂಡು ಓದುತ್ತಾರೆ. ಕುರ್ಚಿ ಸಿಗದ ಹುಡುಗ ಹುಡುಗಿಯರು ಕಪಾಟಿಗೆ ಒರಗಿ ನಿಂತೇ ಸ್ಪರ್ಧಾತ್ಮಕ ಪರೀಕ್ಷೆಗೆ ಓದಿಕೊಳ್ಳುತ್ತಾರೆ. ಅವರಿಗೆ ಅಲ್ಲಿ ಸಿಗುವ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ರಾಜ್ಯದ ಜಿಲ್ಲೆಗಳು ಇನ್ನೂ 30. 2021ರಲ್ಲಿ ರಚನೆಯಾದ ವಿಜಯನಗರ ಅದರಲ್ಲಿಲ್ಲ. ಕೋಣೆ ಬಾಡಿಗೆಗೇ ಪರದಾಡುವ, ಕೋಚಿಂಗ್ ಕೇಂದ್ರಗಳ ಶುಲ್ಕ ಕಟ್ಟಲಾಗದ ಮಕ್ಕಳು ಇವರು. ಊರಿನವರೆಲ್ಲ ಇವರ ಹೆಸರಿನಲ್ಲಿ ಕಟ್ಟಿದ ಹಣ ಇವರಿಗೆ ತಲುಪದಿರುವುದು ನನಗೆ ತೀರ ನೋವಿನ ಸಂಗತಿ. ಭಿಕ್ಷುಕರ ಕರದ ವಿಷಯವಂತೂ ಇನ್ನೂ ಗಂಭೀರ. ಈ ಕರದ ಹಣದಿಂದ ನಡೆಯಬೇಕಾದ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರಲ್ಲಿ ಆಶ್ರಿತರು ಒಬ್ಬರ ಹಿಂದೊಬ್ಬರಂತೆ ಸತ್ತ ದುರಂತವನ್ನು ಈ ನಗರ ಮರೆಯಬಾರದು.

ಇದು ಪಾಲಿಕೆಯೊಂದರ ಸಮಸ್ಯೆಯಲ್ಲ. ಆದಾಯ ತೆರಿಗೆಯ ಮೇಲೆ 2018–19ರಿಂದ ಶೇ 4ರಷ್ಟು ಆರೋಗ್ಯ ಮತ್ತು ಶಿಕ್ಷಣ ಸೆಸ್ ಇದೆ. ಸಂವಿಧಾನದ 270ನೇ ವಿಧಿಯಂತೆ ಕೇಂದ್ರ ಸರ್ಕಾರ ಸೆಸ್‌ಗಳಲ್ಲಿ ರಾಜ್ಯಗಳಿಗೆ ಪಾಲು ಕೊಡಬೇಕಿಲ್ಲ. ಪಾಲಿಲ್ಲದ ಹಣವೆಂದ ಮೇಲೆ ಅದು ಹೇಳಿದ ಉದ್ದೇಶಕ್ಕೇ ಹೋಯಿತೆಂಬ ಖಾತರಿಯಾದರೂ ಬೇಕು. ಆದರೆ ಸಂಗ್ರಹಿಸಿದ ಸೆಸ್‌ಗಳಲ್ಲಿ ಒಂದು ಭಾಗ ಆಯಾ ನಿಧಿಗಳಿಗೆ ವರ್ಗವಾಗಿಲ್ಲ ಎಂದು ಮಹಾಲೇಖಪಾಲರ ವರದಿಯೇ 2020ರಲ್ಲಿ ಆಕ್ಷೇಪಿಸಿತ್ತು.

ಕರ ಇಳಿಸಬೇಕೆಂಬುದು ನನ್ನ ಒತ್ತಾಯವಲ್ಲ. ಗ್ರಂಥಾಲಯಕ್ಕೆಂದು ಇನ್ನಷ್ಟು ಕೇಳಿದರೂ ಕೊಡಲು ಸಿದ್ಧನಿದ್ದೇನೆ. ಲೆಕ್ಕ ಕೊಡಲಿ ಎಂಬುದಷ್ಟೇ ನನ್ನ ಕೋರಿಕೆ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಚುನಾಯಿತ ಕೌನ್ಸಿಲ್‌ನ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಬಜೆಟ್‌ಗಳು ಕಾರ್ಪೊರೇಟರ್‌ಗಳ ಚರ್ಚೆಯಿಲ್ಲದೆ ಅಧಿಕಾರಿಗಳ ಹಂತದಲ್ಲೇ ತೀರ್ಮಾನವಾದವು. ಸಾಲದ್ದಕ್ಕೆ 2025ರ ಏಪ್ರಿಲ್‌ನಿಂದ ಕಸ ವಿಲೇವಾರಿ ಶುಲ್ಕವೂ ಆಸ್ತಿ ತೆರಿಗೆಯ ಜತೆಗೇ ಸೇರಿಕೊಂಡಿದೆ. ಈಗ ನಗರಕ್ಕೆ ಐದು ಪಾಲಿಕೆಗಳಾಗಿರುವುದರಿಂದ ಹಳೆಯ ಬಾಕಿಯನ್ನು ಯಾರು ತೀರಿಸಬೇಕೆಂಬುದನ್ನು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮೊದಲು ಸ್ಪಷ್ಟಪಡಿಸಲಿ. ರಸೀದಿಯಲ್ಲಿ ಪ್ರತಿಯೊಂದು ಕರವನ್ನೂ ಬೇರೆ ಬೇರೆಯಾಗಿ ಮುದ್ರಿಸಲಿ. ವಸೂಲಾದದ್ದೆಷ್ಟು, ಒಪ್ಪಿಸಿದ್ದೆಷ್ಟು ಎಂಬುದನ್ನು ಪ್ರತಿ ಪಾಲಿಕೆಯೂ ಮೂರು ತಿಂಗಳಿಗೊಮ್ಮೆ ತನ್ನ ಜಾಲತಾಣದಲ್ಲಿ, ವಾರ್ಡ್ ಕಚೇರಿಯ ಸೂಚನಾ ಫಲಕದಲ್ಲಿ ಪ್ರಕಟಿಸಲಿ.

– ಆಸ್ತಿ ತೆರಿಗೆದಾರ, ಬೆಂಗಳೂರು